ಬೆಳಕಿಲ್ಲದುದರ ಸುತ್ತಣ ಬೆಳಕು

ಕಪ್ಪುಕುಳಿಯು ತನ್ನ ಸುತ್ತಣ ಸಕಲವನ್ನೂ ಹೀರಿ ನುಂಗಿಬಿಡುವುದೆಂದು ನಮ್ಮ ಬಾಲಿಕೆಯರಲ್ಲಿ ಅನೇಕರು ತಿಳಿದಿರುತ್ತಾರೆ. ಬೀಳುವುದು ಅಷ್ಟು ಸುಲಭವಲ್ಲ. ಜೊತೆಯ ನಕ್ಷತ್ರದಿಂದ ಸೆಳೆಯಲ್ಪಟ್ಟ ಅನಿಲಕ್ಕೆ ಪಕ್ಕಕ್ಕೆ ಚಲಿಸುವ ವೇಗವೂ ಇರುವುದರಿಂದ ಅದು ಸುತ್ತತೊಡಗಿ ಚಪ್ಪಟೆಯಾದ ಚಕ್ರವಾಗುತ್ತದೆ. ನಮ್ಮ ಮಕ್ಕಳು ನಿತ್ಯವೂ ಬಸ್ಸು ಬದಲಿಸುವ ಟಿನ್ ಫ್ಯಾಕ್ಟರಿಯನ್ನು ನೆನೆಯಲಿ. ಹೊರವರ್ತುಲ ರಸ್ತೆಯ ಬಂಡಿಯು ಅಲ್ಲಿ ಹಳೆಯ ಮದರಾಸು ರಸ್ತೆಗೆ ತಿರುಗಿದರೆ ಪಟ್ಟಣದೊಳಕ್ಕೆ ಬರುವುದು. ಇಲ್ಲವಾದರೆ ಪಟ್ಟಣವನ್ನು ಬಳಸಿಯೇ ಹೋಗುವುದು. ಅನಿಲಕ್ಕೆ ಅಂಥ ಅಡ್ಡರಸ್ತೆಯಿಲ್ಲ. ತನ್ನ ಕೋನೀಯ ಸಂವೇಗವನ್ನು ಬೇರೊಂದಕ್ಕೆ ಒಪ್ಪಿಸಿದಲ್ಲದೆ ಅದು ಒಳಕ್ಕಿಳಿಯಲಾರದು.

ಒಪ್ಪಿಸುವ ಬಗೆ ಹೇಗೆ? ಶನಿಯ ಉಂಗುರಗಳಲ್ಲಿರುವಂತೆಯೇ ಇಲ್ಲಿಯೂ ಒಳಸುತ್ತು ವೇಗ, ಹೊರಸುತ್ತು ನಿಧಾನ. ಈ ಸುತ್ತುಗಳನ್ನು ಕಾಂತರೇಖೆಗಳು ಎಳೆಗಳಂತೆ ಹೆಣೆದಿರುವುದರಿಂದ ಹೊರಗಿನದು ಒಳಗಿನದನ್ನು ಹಿಂದಕ್ಕೆ ಜಗ್ಗುತ್ತದೆ, ಒಳಗಿನದು ಹೊರಗಿನದನ್ನು ಮುಂದಕ್ಕೆ ಎಳೆಯುತ್ತದೆ. ಒಳಗಿನದು ಇನ್ನೂ ಒಳಕ್ಕೆ ಜಾರುವುದು. ಅದು ಕಳೆದುಕೊಂಡ ಸಂವೇಗ ಹೊರಕ್ಕೆ ಸಾಗುವುದು. ಇದನ್ನು ಬಾಲ್ಬಸ್ ಮತ್ತು ಹಾಲೆ ಎಂಬ ವಿದ್ವಾಂಸರು 1991ರಲ್ಲಿ ವಿಶದಪಡಿಸಿದರು. ಈ ಜಗ್ಗಾಟದಲ್ಲಿ ಅನಿಲವು ಕಾದು, ಒಳ ಅಂಚಿನಲ್ಲಿ ಸುಮಾರು 1 ಕೋಟಿ ಡಿಗ್ರಿಯಾಗಿ, ಕ್ಷ-ಕಿರಣಗಳನ್ನು ಸೂಸುತ್ತದೆ. ಸೂರ್ಯನೊಳಗೆ ಹೈಡ್ರೋಜನ್ನು ಹೀಲಿಯಮ್ಮಾಗುವಾಗ ದ್ರವ್ಯದಲ್ಲಿ ನೂರಕ್ಕೆ 1 ಪಾಲೂ ಶಕ್ತಿಯಾಗದು. ಇಲ್ಲಿಯಾದರೋ ನೂರಕ್ಕೆ ಸುಮಾರು 6, ಕಪ್ಪುಕುಳಿ ಅತಿವೇಗದಿಂದ ತಿರುಗುತ್ತಿದ್ದರೆ 40ರವರೆಗೆ. ತಾನು ಕಾಣದಿದ್ದರೂ ಕಪ್ಪುಕುಳಿಯು ನಮಗೆ ಗೋಚರವಾಗುವುದು ಈ ಚಕ್ರದ ದೆಸೆಯಿಂದಲೇ.

ಕ್ಷ-ಕಿರಣಗಳನ್ನು ನಮ್ಮ ವಾಯುಮಂಡಲವು ತಡೆಯುವುದರಿಂದ ಅವುಗಳನ್ನು ಆಕಾಶದಿಂದಲೇ ನೋಡಬೇಕು. ಅದಕ್ಕಾಗಿ ಆಸ್ಟ್ರೋಸ್ಯಾಟ್ ಎಂಬ ಉಪಗ್ರಹವನ್ನು ಜೋಡಿಸಿದ ಕೇಂದ್ರವಿರುವುದು ಟಿನ್ ಫ್ಯಾಕ್ಟರಿಗೆ ಎರಡು ಮೂರು ಮೈಲಿ ದಕ್ಷಿಣದ ವಿಮಾನಪುರದಲ್ಲಿ! 2015ನೆಯ ಸೆಪ್ಟೆಂಬರ್ 28ರಂದು ಅದು ಶ್ರೀಹರಿಕೋಟೆಯಿಂದ ಮೇಲೇರಿತು. ಜಿಆರ್‌ಎಸ್ 1915+105 ಎಂಬ ಕಪ್ಪುಕುಳಿಯ ಚಕ್ರದಿಂದ ಬರುವ ಕ್ಷ-ಕಿರಣವು ಸೆಕೆಂಡಿಗೆ ಸುಮಾರು 70 ಸಲ ಏರಿಳಿಯುವುದನ್ನು ಅದು ಅಳೆಯಿತು. 2019ರಲ್ಲಿ ಆ ಫಲವು ಪ್ರಕಟವಾಯಿತು. ಸೂರ್ಯನ ಸುಮಾರು ಹನ್ನೆರಡರಷ್ಟು ದ್ರವ್ಯವುಳ್ಳ ವಸ್ತುವಿನ ಬಳಿ ಅಷ್ಟು ಚುರುಕಾದ ಮಿಡಿತ! ನಾವು ಇದನ್ನು ಓದಿ ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ಈ ಪಾಠವಾದ ವಾರ ಹತ್ತನೆಯ ತರಗತಿಯ ಒಬ್ಬಾಕೆಯು ಬಂದು, "ಅಮ್ಮನವರೇ, ವಿಮಾನಪುರದಲ್ಲಿ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳುವರೇ?" ಎಂದು ಕೇಳಿದಳು. ಬಹು ಮಂದಿ ಇದ್ದಾರೆಂದೆವು. ಆಕೆಗೆ ವಾಣಿಜ್ಯವನ್ನು ಓದಿಸಬೇಕೆಂದು ಮನೆಯಲ್ಲಿ ನಿಶ್ಚಯಿಸಿದ್ದರು. ಬಸ್ಸಿನ ದೂರವೂ ಖರ್ಚೂ ತಂದೆಯ ಆಕ್ಷೇಪಗಳು. ಆಕ್ಷೇಪಗಳು ಹುಸಿಯಲ್ಲ. ತಾಯಿಯವರೊಡನೆ ಎರಡು ಸಲ ಮಾತನಾಡಿದ್ದೇವೆ. ಮುಂದಿನ ಶನಿವಾರ ತಂದೆಯವರೂ ಬರುವುದಾಗಿ ಹೇಳಿಕಳುಹಿಸಿದ್ದಾರೆ.