ನಿಂತು ದುಡಿಯುವ ಕಾಲುಗಳು

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಹಣ್ಣಿನ ವ್ಯಾಪಾರಿ, ಹಲಸೂರಿನ ಹೋಟೆಲ್ ಮಾಣಿ, ಇಂದಿರಾನಗರದ ಬಟ್ಟೆ ಅಂಗಡಿಯ ಹುಡುಗಿ, ಕೆ.ಆರ್.ಪುರದ ಸಂಚಾರಿ ಪೊಲೀಸ್ ಪೇದೆ – ಇವರೆಲ್ಲರ ಅನ್ನ ಅವರ ಕಾಲುಗಳ ಮೇಲೆಯೇ ನಿಂತಿದೆ. ಧರ್ಮಕೇಂದ್ರದ ಮನೆಗಳಿಗೆ ಭೇಟಿ ನೀಡುವಾಗ, ಇಂಥವರ ಮೀನಖಂಡದ ಮೇಲೆ ಹಗ್ಗದಂತೆ ಉಬ್ಬಿ ಸುರುಳಿಗೊಂಡ ನರಗಳನ್ನು ನಾನು ಅನೇಕ ಬಾರಿ ಕಂಡಿದ್ದೇನೆ. ವಿಚಾರಿಸಿದರೆ, “ವಯಸ್ಸಾಯ್ತಲ್ಲ ಫಾದರ್, ಬಿಡಿ” ಎಂದು ಸೀರೆಯ ಅಂಚನ್ನು ಕೆಳಗೆಳೆದುಕೊಳ್ಳುತ್ತಾರೆ. ಆ ‘ಬಿಡಿ’ ಎಂಬ ಮಾತು ನನ್ನನ್ನು ಬಿಡುವುದಿಲ್ಲ.

ನಾವು ನರವೆನ್ನುವ ಇದು ವಾಸ್ತವವಾಗಿ ರಕ್ತನಾಳ. ಕಾಲಿನ ರಕ್ತವು ಹೃದಯದತ್ತ ಮೇಲಕ್ಕೇರುವಾಗ ಹಿಂದಕ್ಕೆ ಜಾರದಂತೆ ನಾಳದೊಳಗಿನ ಪುಟ್ಟ ಕವಾಟಗಳು ತಡೆಯುತ್ತವೆ. ಕವಾಟ ಸಡಿಲಗೊಂಡರೆ ರಕ್ತ ಕೆಳಗೇ ನಿಂತು ನಾಳ ಉಬ್ಬುತ್ತದೆ. ವಂಶದ ಗುಣ, ಬಸಿರು, ಬೊಜ್ಜು, ದೀರ್ಘಕಾಲ ನಿಲ್ಲುವ ಕೆಲಸ ಇದಕ್ಕೆ ದಾರಿಮಾಡುತ್ತವೆ. ಕಡೆಗಣಿಸಿದರೆ ಕೆಲವರಿಗೆ ಕಣಕಾಲಿನ ಬಳಿ ಚರ್ಮ ಕಪ್ಪಾಗಿ, ಮಾಯದ ಹುಣ್ಣಾಗುತ್ತದೆ.

ಹಿಂದೆ ತೊಡೆಸಂದಿಯಲ್ಲಿ ಕೊಯ್ದು ನಾಳವನ್ನೇ ಎಳೆದು ತೆಗೆಯುತ್ತಿದ್ದರು. ಹಿರಿಯರ ಮನದಲ್ಲಿ ಆ ಭಯ ಇಂದಿಗೂ ಉಳಿದಿದೆ. ಈಗ ಡಾಪ್ಲರ್ ಸ್ಕ್ಯಾನಿನಲ್ಲಿ ದೋಷವಿರುವ ನಾಳವನ್ನು ಗುರುತಿಸಿ, ಸೂಜಿಯಷ್ಟು ರಂಧ್ರದಿಂದ ತೆಳುವಾದ ತಂತುವನ್ನು ತೂರಿಸಿ, ಲೇಸರ್ ಅಥವಾ ರೇಡಿಯೊ ತರಂಗದ ಶಾಖದಿಂದ ಅದನ್ನು ಒಳಗಿನಿಂದಲೇ ಮುಚ್ಚುತ್ತಾರೆ. ಔಷಧದ ನೊರೆ ಅಥವಾ ಅಂಟನ್ನು ಬಳಸುವುದೂ ಉಂಟು. ಆ ಭಾಗವನ್ನು ಮಾತ್ರ ಮರಗಟ್ಟಿಸಿದರೆ ಸಾಕು. ಸಾಮಾನ್ಯವಾಗಿ ಅಂದೇ ನಡೆದುಕೊಂಡು ಮನೆಗೆ ಹೋಗಬಹುದು. ‘ನಾಳ ಮುಚ್ಚಿದರೆ ರಕ್ತ ಎಲ್ಲಿ ಹರಿಯುತ್ತದೆ?’ ಎಂದು ನೀವು ಕೇಳಬಹುದು. ಆಳದಲ್ಲಿರುವ ಆರೋಗ್ಯವಂತ ನಾಳಗಳು ಆ ಹೊರೆಯನ್ನು ಹೊರುತ್ತವೆ. ಆದುದರಿಂದಲೇ ಮೊದಲು ಸ್ಕ್ಯಾನ್ ಅಗತ್ಯ. ಎಲ್ಲರಿಗೂ ಈ ಚಿಕಿತ್ಸೆ ಒಪ್ಪುವುದಿಲ್ಲ. ಮುಂದೆ ಬೇರೆ ನಾಳಗಳು ಉಬ್ಬಲೂಬಹುದು.

ಹುಣ್ಣಾದವರು ಮಾತ್ರ ತಡಮಾಡಬಾರದು. ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಗಿಪಟ್ಟಿಯೊಡನೆ ಬೇಗನೆ ನಾಳ ಮುಚ್ಚಿಸಿಕೊಂಡವರಲ್ಲಿ ಅರ್ಧದಷ್ಟು ಮಂದಿಯ ಹುಣ್ಣು 56 ದಿನಗಳಲ್ಲಿ ಮಾಯಿತು. ಮುಂದೂಡಿದವರಲ್ಲಿ ಅದಕ್ಕೆ 82 ದಿನಗಳು ಬೇಕಾದವು. ಖರ್ಚಿಗೆ ಹೆದರುವವರು ಶಿವಾಜಿನಗರದ ಸರ್ಕಾರಿ ಬೌರಿಂಗ್ ಆಸ್ಪತ್ರೆಯಂಥ ಕಡೆ ಮೊದಲು ವಿಚಾರಿಸಲಿ. ಉಬ್ಬಿದ ನಾಳ ಒಡೆದು ರಕ್ತ ಸುರಿದರೆ ಮಲಗಿಸಿ, ಕಾಲನ್ನು ಎತ್ತಿ ಹಿಡಿದು, ಶುಭ್ರ ಬಟ್ಟೆಯಿಂದ ಒತ್ತಿಹಿಡಿದು ಆಸ್ಪತ್ರೆಗೆ ಒಯ್ಯಿರಿ.

ಅಂಗಡಿ ನೌಕರರಿಗೆ ಕೂರಲು ಆಸನವಿರಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನು ತಿದ್ದಿದವು. ನಿಮ್ಮಲ್ಲಿ ಅಂಗಡಿಯ ಮಾಲೀಕರಿದ್ದರೆ, ಕಾನೂನಿಗಾಗಿ ಕಾಯದೆ ಒಂದು ಸ್ಟೂಲನ್ನು ಇಡಿರಿ. ಮನೆಯಲ್ಲಿ ಅಮ್ಮ ಒಲೆಯ ಮುಂದೆ ನಿಂತಿದ್ದರೆ, ಅವರ ಕಾಲನ್ನೊಮ್ಮೆ ನೋಡಿರಿ. ಅವರಾಗಿ ಅವರು ತೋರಿಸುವುದಿಲ್ಲ.