ಸಣ್ಣ ಗುಂಡಿ

ಯಾವಗಲ್‌ನ ನಮ್ಮ ಮನೆಯ ಮುಂದೆ ಕಾರು ನಿಂತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ. ಒಂಬತ್ತಕ್ಕೆ ಅಪ್ಪ ನರಗುಂದದಲ್ಲಿ ಕಣ್ಣಿನ ಪೊರೆಯ ಆಪರೇಷನ್ನಿಗೆ ಹಾಜರಿರಬೇಕು. ಈಗಾಗಲೇ ಎರಡು ಸಲ ಒಪ್ಪಿ, ಎರಡು ಸಲವೂ ಹಿಂದೆ ಸರಿದವರು. "ಗಾಡೀನೂ ಒಲ್ಲೆ ಅನ್ನಾಕತ್ತೈತಿ" ಎಂದು ಕಟ್ಟೆಯ ಮೇಲೆ ಕೂತೇಬಿಟ್ಟರು.

ರಿಮೋಟ್ ಕೀ ಹದಿನೈದು ದಿನದಿಂದ ಕೈಕೊಡುತ್ತಿತ್ತು. ನಾನೇ ಸೆಲ್ ಬದಲಿಸಿದ್ದೆ, ಪ್ರಯೋಜನವಾಗಿರಲಿಲ್ಲ. ಹೊಸ ಕೀಗೆ ಶೋರೂಮಿನಲ್ಲಿ ಹೇಳಿದ್ದು 11 ಸಾವಿರ.

"ಕೊಡಿಲ್ಲೆ" ಎಂದರು ಅಪ್ಪ. ರೇಡಿಯೊ ಬಿಚ್ಚಿ ಕೂಡಿಸುತ್ತಿದ್ದ ಕೈ ಅದು. ಮಂಜುಗಣ್ಣಿಗೆ ಏನೂ ಕಾಣದು. ಉಗುರಿನಿಂದಲೇ ತಡವಿ ಬದಿಯ ಗುಂಡಿ ಒತ್ತಿದರು. ಒಳಗಿಂದ ಕಬ್ಬಿಣದ ಕೀಲಿಕೈ ಜಾರಿ ಬಂತು. ಮೂರು ವರ್ಷ ಕಿಸೆಯಲ್ಲಿಟ್ಟುಕೊಂಡು ತಿರುಗಿದವನಿಗೆ ಅದು ಗೊತ್ತೇ ಇರಲಿಲ್ಲ! ಬಾಗಿಲು ತೆರೆದದ್ದೇ ಸೈರನ್ ಓಣಿಯನ್ನೆಲ್ಲ ಎಬ್ಬಿಸಿತು. ರಿಮೋಟನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಒತ್ತಿದೆ. ಸೆಲ್ ಸತ್ತರೂ ಒಳಗಿನ ಚಿಪ್ಪಿಗೆ ಕಾರಿನ ಸುರುಳಿಯೇ ಹತ್ತಿರದಿಂದ ಕರೆಂಟು ಕೊಡುತ್ತದೆ. ಕಾರು ಗುರುತು ಹಿಡಿಯಿತು, ಸೈರನ್ ನಿಂತಿತು.

ಅಪ್ಪನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದ ಮೇಲೆ ವಾಚ್ ರಿಪೇರಿಯವರ ಬಳಿ ಹೋದೆ. ಬೇಕಿದ್ದದ್ದು ಸಿಆರ್ 2032, 3.2 ಮಿ.ಮೀ. ದಪ್ಪ. ನಾನು ಹಾಕಿದ್ದು 2025. ಅದೂ 3 ವೋಲ್ಟಿನದೇ, ಅಷ್ಟೇ ಅಗಲ. ಆದರೆ ದಪ್ಪ 2.5. ಆ 0.7 ಮಿ.ಮೀ. ಸಂದಿನಿಂದಾಗಿ ತಗಡಿನ ನಾಲಿಗೆ ಒಮ್ಮೆ ಮುಟ್ಟುತ್ತಿತ್ತು, ಒಮ್ಮೆ ಇಲ್ಲ. 50 ರೂಪಾಯಿಗೆ ಮುಗಿಯಿತು.

ಮರುದಿನ ಪಟ್ಟಿ ಬಿಚ್ಚಿದಾಗ ಅಪ್ಪ ಕೀ ಕೇಳಿ ಇಸಿದುಕೊಂಡರು. ಹೊರಳಿಸಿ ಹೊರಳಿಸಿ ನೋಡಿ, "ಇಷ್ಟ ಸಣ್ಣದೇನ ಇದು?" ಎಂದರು.