ಮಗ್ಗದ ಸೀಮೆಯಿಂದ ಹೊರಟ ಹಾಡು

ಇಚಲಕರಂಜಿಗೆ ಅಂಟಿಕೊಂಡಂತಿರುವ ಕಬನೂರಿನಲ್ಲಿ ಬಸ್ಸಿಳಿದರೆ ಮೊದಲು ಕಿವಿಗೆ ಬೀಳುವುದು ಪವರ್‌ಲೂಮ್ ಮಗ್ಗಗಳ ಖಟಖಟ ಸದ್ದು. ಈ ಗದ್ದಲದಲ್ಲಿ ಹಾಡಿಗೆ ಎಡೆ ಎಲ್ಲಿ ಎನಿಸಬಹುದು. ಆದರೆ ಇದು ಹಾಡಿನ ಸೀಮೆ. ಗ್ವಾಲಿಯರ್ ಗಾಯನವನ್ನು ಮಹಾರಾಷ್ಟ್ರಕ್ಕೆ ತಂದ ಬಾಲಕೃಷ್ಣಬುವಾ (1849–1926) ಇಚಲಕರಂಜೀಕರ ಎಂದೇ ಹೆಸರಾದವರು. ಬಸ್ಸಿನಲ್ಲಿ ಇನ್ನೊಂದು ಗಂಟೆ ಹೋದರೆ ಕೊಲ್ಹಾಪುರ. ಅಲ್ಲಿ ಶಾಹು ಮಹಾರಾಜರ ಆಸ್ಥಾನದಲ್ಲಿ ಉಸ್ತಾದ್ ಅಲ್ಲಾದಿಯಾ ಖಾನ್ (1855–1946) ಇದ್ದರು. ನಮ್ಮ ಮಲ್ಲಿಕಾರ್ಜುನ ಮನಸೂರರಿಗೆ ಕಲಿಸಿದವರು ಇವರ ಮಕ್ಕಳು.

ಖಾನ್ ಸಾಹೇಬರ ಅಪರೂಪದ ರಾಗಗಳು ಇಂದಿಗೂ ಉಳಿದಿದ್ದರೆ ಅದರ ದೊಡ್ಡ ಪಾಲು ಮೂವರು ಹೆಂಗಸರದು. ಗೋವೆಯ ಮೋಗುಬಾಯಿ ಕುರ್ಡೀಕರ (1904–2001) ಸಾಂಗ್ಲಿಯಲ್ಲಿ ಎಳೆಯ ವಯಸ್ಸಿನಲ್ಲೇ ಅವರ ಶಿಷ್ಯೆಯಾದರು; ಕಲಿತದ್ದನ್ನು ಮಗಳು ಕಿಶೋರಿ ಅಮೋಣಕರರಿಗೆ ಧಾರೆಯೆರೆದರು. ಗೋವೆಯವರೇ ಆದ ಕೇಸರಬಾಯಿ ಕೇರಕರ (1892–1977) ಮೂವತ್ತರ ಹೊಸ್ತಿಲಲ್ಲಿ ಶಿಷ್ಯೆಯಾಗಿ, ಗುರುಗಳು ತೀರಿಕೊಳ್ಳುವವರೆಗೂ ಕಲಿತರು. ಮೂರನೆಯವರು ಕೊಲ್ಹಾಪುರದಲ್ಲೇ ಹುಟ್ಟಿದ ಧೋಂಡೂತಾಯಿ ಕುಲಕರ್ಣಿ (1927–2014). ಮರ್ಯಾದಸ್ಥರ ಮನೆಯ ಹೆಣ್ಣುಮಗಳು ಹಾಡುವುದೇ ಎಂದು ಜನ ಹುಬ್ಬೇರಿಸುತ್ತಿದ್ದ ಕಾಲ ಅದು. ತಂದೆ ಅದಕ್ಕೆ ಸೊಪ್ಪು ಹಾಕದೆ ಮಗಳನ್ನು ಖಾನ್ ಸಾಹೇಬರ ಮಗ ಭುರ್ಜಿ ಖಾನರ ಬಳಿ ಕಲಿಯಲು ಬಿಟ್ಟರು. ಇಂಥ ತಂದೆಯರ ಹೆಸರು ಯಾವ ಚರಿತ್ರೆಯಲ್ಲೂ ದಪ್ಪಕ್ಷರದಲ್ಲಿ ಬರುವುದಿಲ್ಲ.

ಕೇಸರಬಾಯಿ ಸುಲಭಕ್ಕೆ ಕಲಿಸುವವರಲ್ಲ. ಶಿಷ್ಯೆಯೆಂದು ಒಪ್ಪಿಕೊಂಡದ್ದು ಧೋಂಡೂತಾಯಿಯೊಬ್ಬರನ್ನೇ. ಅಷ್ಟು ದೊಡ್ಡ ವಿದ್ಯೆ ಒಂದೇ ಎಳೆಯಲ್ಲಿ ನೇತಾಡಿತು! ಧ್ವನಿಮುದ್ರಿಕೆ ಇತ್ತಲ್ಲ ಎನ್ನಬಹುದು. ಆದರೆ ಮುದ್ರಿಕೆ ಹಾಡುತ್ತದೆ, ತಪ್ಪಿದಾಗ ತಡೆದು ತಿದ್ದುವುದಿಲ್ಲ.

ಆ ಮುದ್ರಿಕೆಯ ಕಥೆಯೂ ಸೋಜಿಗದ್ದೇ. 1977ರಲ್ಲಿ ಅಮೆರಿಕದ ಎರಡು ವಾಯೇಜರ್ ನೌಕೆಗಳು ಭೂಮಿಯ ಹಾಡುಗಳ ಚಿನ್ನದ ಲೇಪದ ತಟ್ಟೆಯನ್ನು ಹೊತ್ತು ಹೊರಟವು. ಅದರಲ್ಲಿ ಭಾರತದ ಸಂಗೀತವೆಂದು ಸೇರಿದ್ದು ಕೇಸರಬಾಯಿಯವರ ಭೈರವಿ. ಅದೇ ತಟ್ಟೆಯಲ್ಲಿ ಟೆಕ್ಸಾಸಿನ ಕುರುಡ ಗಾಯಕ ಬ್ಲೈಂಡ್ ವಿಲ್ಲಿ ಜಾನ್ಸನ್ 1927ರಲ್ಲಿ ಮುದ್ರಿಸಿದ ಬ್ಲೂಸ್ ಕೂಡ ಇದೆ. ಅದರ ಹೆಸರು ಬಂದದ್ದು ಗೆತ್ಸೆಮನಿ ತೋಟದ ರಾತ್ರಿಯನ್ನು ನೆನೆಯುವ ಹಳೆಯ ಭಕ್ತಿಗೀತೆಯೊಂದರಿಂದ. ಹಾಡಿನಲ್ಲಿ ಮಾತಿಲ್ಲ, ಗಿಟಾರು ಮತ್ತು ಆ ಬಡವನ ನರಳು ದನಿ ಮಾತ್ರ. ಗೋವೆಯ ಹೆಣ್ಣುಮಗಳೂ ಅಮೆರಿಕದ ಕರಿಯ ಕುರುಡನೂ ಅಲ್ಲಿ ಅಕ್ಕಪಕ್ಕದ ಪಯಣಿಗರು.

ವಾಯೇಜರ್ 1 ಹಾರಿದ್ದು ಸೆಪ್ಟೆಂಬರ್ 5ರಂದು. ಕೇಸರಬಾಯಿ ತೀರಿಕೊಂಡದ್ದು ಅದೇ ತಿಂಗಳ 16ರಂದು. 2012ರಲ್ಲಿ ಆ ನೌಕೆ ಸೂರ್ಯನ ಗಾಳಿ ಬೀಸುವ ಎಲ್ಲೆಯನ್ನೂ ದಾಟಿತು. ಆ ಹೊತ್ತಿಗೆ ಎಂಬತ್ತೈದು ದಾಟಿದ್ದ ಧೋಂಡೂತಾಯಿ ಮುಂಬಯಿಯಲ್ಲಿದ್ದರು.